ಸ್ಪೀಕರ್‌ಗೆ ಎರಡೆರಡು ವೈರ್ ಎಳೆದರೆ ಹಾಡು ಚೆನ್ನಾಗಿ ಕೇಳುತ್ತದೆಯೇ?

ವಾಟ್ಸಾಪ್ ಗುಂಪುಗಳಲ್ಲಿ, ಸಣ್ಣ ವಿಡಿಯೋಗಳಲ್ಲಿ ಆಗಾಗ ಕಣ್ಣಿಗೆ ಬೀಳುವ ಸಲಹೆ ಇದು. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಒಂದೇ ವೈರ್ ಹಾಕಿದರೆ ಬೇಸ್ ಮತ್ತು ಟ್ರೆಬಲ್ ಒಂದಕ್ಕೊಂದು ಗುದ್ದಾಡಿ ದನಿ ಕೆಡುತ್ತದೆಯಂತೆ. ವೂಫರ್‌ಗೆ ಒಂದು ವೈರ್, ಟ್ವೀಟರ್‌ಗೆ ಮತ್ತೊಂದು ವೈರ್ ಎಂದು ಬೇರೆ ಬೇರೆ ಎಳೆದರೆ ಹಾಡು ತಿಳಿಯಾಗುತ್ತದೆಯಂತೆ. ಇದಕ್ಕೆ ಬೈ-ವೈರಿಂಗ್ ಎಂದು ಹೆಸರು. ಸಲಹೆಯ ಬಾಲದಲ್ಲಿ ಸಾಮಾನ್ಯವಾಗಿ ಯಾವುದೋ ದುಬಾರಿ ಕೇಬಲ್ಲಿನ ಲಿಂಕ್ ಕೂಡ ಇರುತ್ತದೆ.

ಇದು ದೊಡ್ಡ ಊರಿನ ಶೋಕಿ, ನಮಗೇನು ಸಂಬಂಧ ಎನ್ನುವ ಕಾಲ ಹೋಯಿತು. ಟವರ್ ಸ್ಪೀಕರ್ ಈಗ ರಾಯಚೂರಿಗೆ ಮಾತ್ರವಲ್ಲ, ದೇವದುರ್ಗ, ಮಾನ್ವಿಯ ಮನೆ ಬಾಗಿಲಿಗೂ ಕೊರಿಯರ್‌ನಲ್ಲಿ ಬರುತ್ತದೆ. ಹಳೆಯ ಒಳ್ಳೆಯ ಸೆಟ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಹತ್ತಿಯೋ ಭತ್ತವೋ ಮಾರಿದ ದುಡ್ಡಲ್ಲಿ ಮನೆಗೊಂದು ಸೆಟ್ ತಂದವರು ಅದರ ಮೇಲೆ ಮತ್ತೆ ಐದಾರು ಸಾವಿರ ವೈರಿಗೇ ಸುರಿಯಬೇಕೇ ಎಂಬುದು ನಿಜವಾದ ಪ್ರಶ್ನೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇವೆ: ಬೇಡ. ಎರಡು ಕೇಬಲ್ಲಿನಿಂದ ಆಗುವ ವ್ಯತ್ಯಾಸ ಅಳತೆಯ ಯಂತ್ರಕ್ಕೆ ಸಿಕ್ಕರೂ ಕಿವಿಗೆ ಸಿಗುವುದು ಕಷ್ಟ. ವೈರಿನ ದಪ್ಪ, ಉದ್ದ, ತುದಿಯ ಜೋಡಣೆ ಇವು ಮೂರು ಸರಿ ಇದ್ದರೆ ಒಂದೇ ವೈರ್ ಸಾಕು. ದೊಡ್ಡ ಉತ್ತರದಲ್ಲಿ ಕೆಲವು ಅಪಾಯದ ಮಾತುಗಳೂ ಇವೆ. ಹಾಗಾಗಿ ಪೂರ್ತಿ ಓದಿ.

ಸ್ಪೀಕರ್ ಬೆನ್ನಲ್ಲಿ ಏನಿದೆ?

ಸಾಮಾನ್ಯ ಸ್ಪೀಕರಿನ ಹಿಂದೆ ಒಂದು ಕೆಂಪು, ಒಂದು ಕಪ್ಪು ಹೀಗೆ ಎರಡು ಟರ್ಮಿನಲ್ ಇರುತ್ತವೆ. ಕೆಲವು ಸ್ಪೀಕರ್‌ಗಳಲ್ಲಿ ನಾಲ್ಕಿರುತ್ತವೆ: ಮೇಲಿನ ಜೋಡಿ ಟ್ವೀಟರ್‌ಗೆ, ಕೆಳಗಿನ ಜೋಡಿ ವೂಫರ್‌ಗೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕೂಡಿಸುವ ಚಿಕ್ಕ ಲೋಹದ ಪಟ್ಟಿಗಳು ಕಾರ್ಖಾನೆಯಿಂದಲೇ ಬಂದಿರುತ್ತವೆ. ಪಟ್ಟಿ ಇದ್ದರೆ ಒಂದು ವೈರ್ ಎರಡೂ ಭಾಗಕ್ಕೆ ಸಾಕು. ಪಟ್ಟಿ ತೆಗೆದು ಎರಡು ಜೊತೆ ವೈರ್ ಎಳೆದು ಎರಡನ್ನೂ ಆಂಪ್ಲಿಫೈಯರ್‌ನ ಅದೇ ಟರ್ಮಿನಲ್ಲಿಗೆ ಸೇರಿಸಿದರೆ ಅದೇ ಬೈ-ವೈರಿಂಗ್. ಬ್ಲೂಟೂತ್ ಸ್ಪೀಕರ್, ಸೌಂಡ್‌ಬಾರ್ ಇರುವವರಿಗೆ ಈ ಗೊಡವೆಯೇ ಇಲ್ಲ. ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇರುತ್ತದೆ.

ಪೆಟ್ಟಿಗೆಯ ಒಳಗೆ ಕ್ರಾಸ್‌ಓವರ್ ಎಂಬ ಸಣ್ಣ ಬೋರ್ಡ್ ಇರುತ್ತದೆ. ಅದರಲ್ಲಿರುವ ತಾಮ್ರದ ಕಾಯಿಲ್ ಗಡಸು ದನಿಯನ್ನು, ಅಂದರೆ ಬೇಸನ್ನು, ವೂಫರ್‌ಗೆ ಬಿಡುತ್ತದೆ. ಕೆಪಾಸಿಟರ್ ಕೀಚಲು ದನಿಯನ್ನು ಮಾತ್ರ ಟ್ವೀಟರ್‌ಗೆ ಬಿಡುತ್ತದೆ. ಬೇಸ್ ಬೇರೆ, ಟ್ರೆಬಲ್ ಬೇರೆ ಆಗುವುದು ಇಲ್ಲಿ. ವೈರ್ ಎರಡಾದರೂ ಒಂದಾದರೂ ಈ ಕೆಲಸ ನಡೆಯುವ ಜಾಗ ಬದಲಾಗುವುದಿಲ್ಲ.

ವೈರಿನೊಳಗೆ ಗುದ್ದಾಟ ನಡೆಯುತ್ತದೆಯೇ?

ಜಾತ್ರೆಯಲ್ಲಿ ಡೊಳ್ಳು, ಶಹನಾಯಿ ಎರಡೂ ಒಟ್ಟಿಗೆ ಕೇಳುತ್ತವೆ. ಎರಡೂ ಬರುವುದು ಒಂದೇ ಗಾಳಿಯಲ್ಲಿ. ಡೊಳ್ಳಿನ ಏಟು ಶಹನಾಯಿಯ ಸ್ವರವನ್ನು ದಾರಿಯಲ್ಲೇ ಅಡ್ಡಗಟ್ಟಿ ಕೆಡಿಸುವುದಿಲ್ಲ. ತಾಮ್ರದ ವೈರ್ ಕೂಡ ಹಾಗೆಯೇ. ಬೇಸಿನ ವಿದ್ಯುತ್ತು, ಟ್ರೆಬಲ್ಲಿನ ವಿದ್ಯುತ್ತು ಒಂದರ ಮೇಲೊಂದು ಕೂಡಿ ಹರಿಯುತ್ತವೆ, ಆ ತುದಿಯಲ್ಲಿ ಹಾಗೆಯೇ ಬೇರೆಯಾಗುತ್ತವೆ. ಎರಡನ್ನು ಕಲಸಿ ಹೊಸದೊಂದು ಕೆಟ್ಟ ದನಿ ಹುಟ್ಟಿಸುವ ಗುಣ ತಾಮ್ರಕ್ಕಿಲ್ಲ.

ಇನ್ನೊಂದು ರೀತಿಯಲ್ಲಿ ಯೋಚಿಸಿ. ರೆಕಾರ್ಡಿಂಗ್ ಕೋಣೆಯ ಮೈಕಿನಿಂದ ಹೊರಟ ಹಾಡು ಒಂದೇ ವೈರಿನಲ್ಲಿ ಬಂದಿದೆ. ನಿಮ್ಮ ಫೋನಿನಿಂದ ಆಂಪ್ಲಿಫೈಯರ್‌ಗೆ ಬರುವಾಗಲೂ ಬೇಸ್, ಟ್ರೆಬಲ್ ಒಂದೇ ಎಳೆಯಲ್ಲಿವೆ. ಆಂಪ್ಲಿಫೈಯರಿನ ಒಳಗೆ ಅವೇ ಟ್ರಾನ್ಸಿಸ್ಟರ್‌ಗಳ ಮೂಲಕ ಹಾದಿವೆ. ಅಷ್ಟು ದೂರ ಜೊತೆಯಾಗಿ ಬಂದವು ಕೊನೆಯ ಮೂರು ಮೀಟರಿನಲ್ಲಿ ಮಾತ್ರ ಜಗಳ ತೆಗೆಯುತ್ತವೆ ಎಂದರೆ ನಂಬುವುದು ಹೇಗೆ?

ಸ್ವಲ್ಪ ಓದಿಕೊಂಡವರು ಬೇರೆ ಕಾರಣ ಕೊಡುತ್ತಾರೆ. ವೂಫರ್ ಹಿಂದೆ ಮುಂದೆ ಆಡುವಾಗ ಅದೇ ಸಣ್ಣ ಡೈನಮೊ ಆಗಿ ವಿದ್ಯುತ್ತನ್ನು ವಾಪಸ್ ತಳ್ಳುತ್ತದೆ, ಅದು ಟ್ವೀಟರ್‌ಗೆ ನುಗ್ಗುತ್ತದೆ ಎನ್ನುತ್ತಾರೆ. ವಾಪಸ್ ತಳ್ಳುವುದು ನಿಜ. ಆದರೆ ಆ ವಿದ್ಯುತ್ತಿಗೆ ಎದುರಾಗುವ ಆಂಪ್ಲಿಫೈಯರಿನ ಒಳರೋಧ ಬಹಳ ಕಡಿಮೆ, ಒಳ್ಳೆಯ ಆಂಪ್ಲಿಫೈಯರ್‌ನಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಬಹುಪಾಲು ಅಲ್ಲೇ ಇಂಗಿಹೋಗುತ್ತದೆ. ಉಳಿದ ಚೂರುಪಾರು ಬೇಸಿನ ತರಂಗವೇ ಆದ್ದರಿಂದ ಟ್ವೀಟರಿನ ಕೆಪಾಸಿಟರ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಸೂಕ್ಷ್ಮ ಯಂತ್ರ ಇಟ್ಟು ಅಳೆದರೆ ಒಂದು ವೈರಿಗೂ ಎರಡು ವೈರಿಗೂ ಕೂದಲೆಳೆಯ ವ್ಯತ್ಯಾಸ ಕಾಣುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಕಿವಿಯ ಮಟ್ಟಕ್ಕೆ ಅದು ಬರುವುದಿಲ್ಲ.

ಕಾಲುವೆಯ ಕೊನೆಯ ಹೊಲ

ವೈರಿನಿಂದ ದನಿ ನಿಜವಾಗಿ ಕೆಡುವುದು ಯಾವಾಗ? ಇದನ್ನು ಮಾನ್ವಿಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಮೇಲ್ಭಾಗದಲ್ಲಿ ತುಂಬಿ ಹರಿಯುವ ನೀರು ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಸೊರಗುತ್ತದೆ ಎಂಬ ದೂರು ವರ್ಷ ವರ್ಷವೂ ಇದ್ದದ್ದೇ. ಕಾಲುವೆ ಉದ್ದವಾದಷ್ಟೂ, ಕಿರಿದಾದಷ್ಟೂ ಕೊನೆಗೆ ತಲುಪುವುದು ಕಡಿಮೆ. ವೈರಿನಲ್ಲಿ ನೀರು ಸೋರಿದಂತೆ ವಿದ್ಯುತ್ತು ಸೋರುವುದಿಲ್ಲ, ಬದಲಿಗೆ ವೋಲ್ಟೇಜ್ ಇಳಿದು ಆ ಶಕ್ತಿ ಬಿಸಿಯಾಗಿ ಹೋಗುತ್ತದೆ. ಉದ್ದ ಮತ್ತು ಅಗಲದ ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸ್ಪೀಕರ್ ವೈರ್ ಕೇಳಿದರೆ 14/36, 23/36, 40/36 ಎಂಬ ಲೆಕ್ಕ ಹೇಳುತ್ತಾರೆ. ಮೊದಲ ಸಂಖ್ಯೆ ಒಳಗಿನ ಎಳೆಗಳದ್ದು, ಎರಡನೆಯದು ಎಳೆಯ ಗೇಜ್. 14/36 ಅಂದರೆ ಸುಮಾರು 0.4 ಚದರ ಮಿಲಿಮೀಟರ್ ತಾಮ್ರ, 40/36 ಅಂದರೆ ಸುಮಾರು 1.2.

ಹಾಲಿನ ಒಂದು ಮೂಲೆಯ ಆಂಪ್ಲಿಫೈಯರ್‌ನಿಂದ ಇನ್ನೊಂದು ಮೂಲೆಯ ಸ್ಪೀಕರ್‌ಗೆ 10 ಮೀಟರ್ ದೂರ ಎನ್ನೋಣ. ಹೋಗಲು ಹತ್ತು, ಬರಲು ಹತ್ತು, ಒಟ್ಟು 20 ಮೀಟರ್ ತಾಮ್ರ. 14/36 ವೈರ್ ಆದರೆ ರೋಧ ಸುಮಾರು 0.84 ಓಮ್. 40/36 ಆದರೆ 0.3 ಓಮ್. ಎರಡೂವರೆ ಎಂಎಂ ವೈರ್ ಆದರೆ 0.14 ಓಮ್. ವೈರಿನ ರೋಧ ಸ್ಪೀಕರಿನ ರೋಧದ ಶೇ. 5ನ್ನು ದಾಟಬಾರದು ಎಂಬುದು ಬಲ್ಲವರು ಬಳಸುವ ಒಂದು ರೂಢಿಯ ಅಳತೆ. 8 ಓಮ್ ಸ್ಪೀಕರ್‌ಗೆ ಅದು 0.4 ಓಮ್, 4 ಓಮ್ ಸ್ಪೀಕರ್‌ಗೆ 0.2. ಹಾಗಾಗಿ 8 ಓಮಿಗೆ 40/36 ಧಾರಾಳ ಸಾಕು, 4 ಓಮಿಗೆ ಎರಡೂವರೆ ಎಂಎಂ ಒಳ್ಳೆಯದು. ಸ್ಪೀಕರ್ ಮೂರೇ ಮೀಟರ್ ದೂರದಲ್ಲಿದ್ದು 8 ಓಮಿನದಾದರೆ ಸಣ್ಣ 14/36 ಕೂಡ ಪಾಸಾಗುತ್ತದೆ.

ಈಗ ನಮಗೆ ಬಹಳ ಹಿಡಿಸಿದ ಸಂಗತಿಗೆ ಬರೋಣ. ಆ 10 ಮೀಟರಿಗೆ ಎರಡು 14/36 ವೈರ್ ಎಳೆದು ಪಟ್ಟಿ ತೆಗೆದು ಬೈ-ವೈರಿಂಗ್ ಮಾಡಿದ್ದೀರಿ. ಬೇಸಿನ ವಿದ್ಯುತ್ತು ವೂಫರಿನ ವೈರಿನಲ್ಲಿ ಮಾತ್ರ ಹೋಗಬೇಕು, ಪಕ್ಕದ ವೈರ್ ಅದಕ್ಕೆ ಸಿಗುವುದಿಲ್ಲ. ಅಂದರೆ ಬೇಸಿಗೆ ಎದುರಾಗುವ ರೋಧ ಮತ್ತೆ ಅದೇ 0.84 ಓಮ್. ಟ್ರೆಬಲ್ಲಿಗೂ ಅಷ್ಟೇ. ಅದೇ ಎರಡು ವೈರನ್ನು ಪಟ್ಟಿ ತೆಗೆಯದೆ ಜೋಡಿಯಾಗಿ ಹಾಕಿದ್ದರೆ ಇಬ್ಬರಿಗೂ ಎರಡೂ ದಾರಿ ಸಿಕ್ಕಿ ರೋಧ 0.42 ಓಮಿಗೆ ಇಳಿಯುತ್ತಿತ್ತು! ಎರಡು ವೈರಿಗೆ ದುಡ್ಡು ಕೊಟ್ಟು, ಪಟ್ಟಿ ತೆಗೆದು, ಅರ್ಧ ತಾಮ್ರವನ್ನು ನಾವೇ ಕೆಲಸಕ್ಕೆ ಬಾರದಂತೆ ಮಾಡಿಕೊಂಡ ಹಾಗಾಯಿತು.

ಹಾಗಂತ ಗಾಬರಿ ಬೇಡ. 0.84 ಓಮಿನಿಂದ ದನಿಯಲ್ಲಿ ಆಗುವ ಇಳಿಕೆ ಒಂದು ಡೆಸಿಬೆಲ್ಲಿಗಿಂತ ಸ್ವಲ್ಪ ಕಡಿಮೆ. ವಾಲ್ಯೂಮ್ ಗುಂಡಿಯನ್ನು ಒಂಚೂರು ತಿರುಗಿಸಿದಷ್ಟು.

ಬಿಸಿಲೂರಿನವರು ಕೇಳಬಹುದಾದ ಪ್ರಶ್ನೆ ಒಂದಿದೆ: ನಮ್ಮ ಸೆಕೆಗೆ ವೈರ್ ಏನಾಗುತ್ತದೆ? ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39 ಏರುತ್ತದೆ. 20 ಡಿಗ್ರಿಯಲ್ಲಿ ಇದ್ದದ್ದು 42 ಡಿಗ್ರಿಯ ಮಧ್ಯಾಹ್ನಕ್ಕೆ ಶೇ. 8 ರಿಂದ 9ರಷ್ಟು ಹೆಚ್ಚು. 0.3 ಓಮ್ ಇದ್ದದ್ದು 0.33 ಆಗುತ್ತದೆ, ಅಷ್ಟೇ. ನಿಜವಾಗಿ ಕಾಯುವುದು ಸ್ಪೀಕರ್ ಒಳಗಿನ ವಾಯ್ಸ್ ಕಾಯಿಲ್. ಜೋರಾಗಿ ಬಾರಿಸಿದಾಗ ಅದು 100 ಡಿಗ್ರಿಯಷ್ಟು ಬಿಸಿ ಏರಿದರೆ ಅದರ ರೋಧ ಶೇ. 40ರಷ್ಟು ಹೆಚ್ಚುತ್ತದೆ. ಕೂದಲಿನಂಥ ಆ ತಂತಿಯ ಮುಂದೆ ಹೊರಗಿನ ಕೇಬಲ್ಲಿನ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಆದರೆ ನನಗೆ ಕೇಳಿಸಿತಲ್ಲ!

ಎರಡು ವೈರ್ ಹಾಕಿದವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಹೇಳುತ್ತಿಲ್ಲ. ಅವರಿಗೆ ವ್ಯತ್ಯಾಸ ಕೇಳಿಸಿರಬಹುದು, ಕಾರಣ ಬೇರೆ ಇರಬಹುದು. ವೈರ್ ಬದಲಿಸುವಾಗ ಏನೇನು ನಡೆಯುತ್ತದೆ ನೋಡಿ. ವರ್ಷಗಟ್ಟಲೆ ಕಪ್ಪು ಹಿಡಿದ ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸುತ್ತೀರಿ. ಸಡಿಲವಾಗಿದ್ದ ಟರ್ಮಿನಲ್ ಬಿಗಿ ಮಾಡುತ್ತೀರಿ. ನಡುವೆ ಟೇಪ್ ಸುತ್ತಿ ಮಾಡಿದ್ದ ಹಳೆಯ ಗಂಟು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸ್ಪೀಕರ್‌ನಲ್ಲಿ ಕೆಂಪು-ಕಪ್ಪು ಅದಲು ಬದಲಾಗಿದ್ದರೆ ಸರಿಹೋಗುತ್ತದೆ. ಹಾಗೆ ಅದಲು ಬದಲಾದಾಗ ಎಡದ ವೂಫರ್ ಮುಂದೆ ಬಂದರೆ ಬಲದ್ದು ಹಿಂದೆ ಹೋಗುತ್ತದೆ. ಬೇಸ್ ಒಂದಕ್ಕೊಂದು ಅಳಿಸಿಹೋಗಿ ಹಾಡು ತೆಳುವಾಗುತ್ತದೆ. ಅದನ್ನು ಸರಿಪಡಿಸಿದಾಗ ಆಗುವ ಬದಲಾವಣೆ ಯಾರ ಕಿವಿಗಾದರೂ ಗೊತ್ತಾಗುವಂಥದ್ದು. ಹೊಗಳಿಕೆ ಮಾತ್ರ ಹೊಸ ಕೇಬಲ್ಲಿಗೆ ಹೋಗುತ್ತದೆ.

ಜೊತೆಗೆ ಮನಸ್ಸಿನ ಪಾಲೂ ಇದೆ. ದುಡ್ಡು ಕೊಟ್ಟು ತಂದದ್ದು ಚೆನ್ನಾಗಿ ಕೇಳಲೇಬೇಕು ಎಂಬ ಆಸೆ ಕಿವಿಯನ್ನು ತಿದ್ದುತ್ತದೆ. ಇದಕ್ಕಾಗಿಯೇ ಯಾವ ಕೇಬಲ್ ಎಂದು ತಿಳಿಸದೆ ಕೇಳಿಸುವ ಪರೀಕ್ಷೆ ಮಾಡುತ್ತಾರೆ. 1983ರಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆಗಾಗಿ ಲಾರೆನ್ಸ್ ಗ್ರೀನ್‌ಹಿಲ್ ಇಂಥದ್ದೊಂದು ಪರೀಕ್ಷೆ ನಡೆಸಿದರು. ತೀರಾ ತೆಳ್ಳಗಿನ ವೈರನ್ನು ದಪ್ಪ ಕೇಬಲ್ಲಿನಿಂದ ಕೇಳುಗರು ಗುರುತಿಸಬಲ್ಲವರಾದರು. ಅಗ್ಗದ ಆದರೆ ಸಾಕಷ್ಟು ದಪ್ಪಗಿನ ವೈರನ್ನು ದುಬಾರಿ ಕೇಬಲ್ಲಿನಿಂದ ಸಂಗೀತ ಕೇಳುತ್ತಾ ಬೇರೆ ಮಾಡಿ ಹೇಳಲು ಮಾತ್ರ ಆಗಲಿಲ್ಲ. ಆ ಪರೀಕ್ಷೆ ಬೈ-ವೈರಿಂಗ್‌ದಲ್ಲ, ವೈರಿನ ದಪ್ಪದ್ದು. ನಾವು ಮೇಲೆ ಹಾಕಿದ ಲೆಕ್ಕಕ್ಕೆ ಅದು ಸರಿಯಾಗಿ ಕೂರುತ್ತದೆ. 2007ರಲ್ಲಿ ಪವಾಡ ಬಯಲಿಗೆಳೆಯುವ ಜೇಮ್ಸ್ ರ‍್ಯಾಂಡಿ, 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲ್ಲನ್ನು ಸಾಮಾನ್ಯ ಕೇಬಲ್ಲಿನಿಂದ ಕಿವಿಯಲ್ಲೇ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದ್ದರು. ಆ ಪರೀಕ್ಷೆ ನಡೆಯಲೇ ಇಲ್ಲ.

ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದು. ನೀವು ಸ್ಪೀಕರ್‌ಗೆ ಬೆನ್ನು ಹಾಕಿ ಕೂತುಕೊಳ್ಳಿ. ತಮ್ಮನೋ ಮಗಳೋ ನಾಣ್ಯ ಚಿಮ್ಮಿ, ರಾಜ ಬಿದ್ದರೆ ಒಂದು ವೈರ್, ಅಂಕಿ ಬಿದ್ದರೆ ಎರಡು ವೈರ್ ಜೋಡಿಸಲಿ. ಪ್ರತಿ ಸಲವೂ ಆಂಪ್ಲಿಫೈಯರ್ ಆಫ್ ಮಾಡಿಯೇ ವೈರ್ ಮುಟ್ಟಬೇಕು. ಬದಲಿಸದಿದ್ದರೂ ಬದಲಿಸಿದಷ್ಟೇ ಹೊತ್ತು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸದ್ದಿನಿಂದಲೇ ಗುಟ್ಟು ರಟ್ಟಾಗುತ್ತದೆ. ಅದೇ ಹಾಡು, ಅದೇ ವಾಲ್ಯೂಮ್, ಹತ್ತು ಸಲ. ಬರೀ ಊಹೆಯಿಂದ ಹತ್ತಕ್ಕೆ ಐದು ಸರಿಯಾಗುವುದು ಸಹಜ. ಒಂಬತ್ತು ಅಥವಾ ಹತ್ತು ಸರಿಯಾಗುವ ಸಾಧ್ಯತೆ ನೂರಕ್ಕೆ ಸುಮಾರು ಒಂದು. ಅಷ್ಟು ಸರಿ ಬಂದರೆ ನಿಮ್ಮ ಸೆಟ್ಟಿನಲ್ಲಿ ಏನೋ ನಿಜವಾದ ವ್ಯತ್ಯಾಸವಿದೆ. ಹಳೆಯ ಜೋಡಣೆ ಕೆಟ್ಟಿದೆಯೇ ಎಂದು ಮೊದಲು ನೋಡಿ.

ಚಿನ್ನದ ಪಿನ್, ಬೆಳ್ಳನೆಯ ತಾಮ್ರ

ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವರಿಗೆ ಚಿನ್ನದ ಲೇಪದ ಪಿನ್ ಎಂದರೆ ಕಿವಿ ನೆಟ್ಟಗಾಗುವುದು ಸಹಜ. ಆದರೆ ವಿದ್ಯುತ್ತು ಹರಿಸುವುದರಲ್ಲಿ ಚಿನ್ನಕ್ಕೆ ಮೂರನೇ ಸ್ಥಾನ. ಬೆಳ್ಳಿ ಮೊದಲು, ತಾಮ್ರ ಎರಡನೆಯದು. ಚಿನ್ನ ಕಪ್ಪಾಗುವುದಿಲ್ಲ, ಕಿಲುಬು ಹಿಡಿಯುವುದಿಲ್ಲ. ಲೇಪದ ಉಪಯೋಗ ಅಷ್ಟೇ. ಮಲೆನಾಡಿನ ತೇವಕ್ಕೆ ಹೋಲಿಸಿದರೆ ನಮ್ಮ ಒಣ ಹವೆಯಲ್ಲಿ ಅದರ ಅಗತ್ಯವೂ ಕಡಿಮೆ. ವರ್ಷಕ್ಕೊಮ್ಮೆ ತುದಿ ಬಿಚ್ಚಿ ಒರೆಸಿ ಬಿಗಿ ಮಾಡಿದರೆ ಸಾಮಾನ್ಯ ಟರ್ಮಿನಲ್ಲೇ ಚೆನ್ನಾಗಿ ಬಾಳುತ್ತದೆ.

ಎಚ್ಚರ ಬೇಕಾದದ್ದು ಬೇರೆ ಕಡೆ. ಅಗ್ಗದ ಕೇಬಲ್ಲುಗಳಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಹೊದಿಕೆ ಇರುವುದುಂಟು. ಇದನ್ನು ಸಿಸಿಎ ಎನ್ನುತ್ತಾರೆ. ಅದೇ ದಪ್ಪಕ್ಕೆ ಇದರ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ. ಸುರುಳಿ ಕೈಗೆ ತೀರಾ ಹಗುರ ಅನಿಸುವುದೂ ಒಂದು ಗುರುತು. ಹೊರಗಿನ ಪ್ಲಾಸ್ಟಿಕ್ ದಪ್ಪಗಿದೆ ಎಂದು ಮರುಳಾಗಬೇಡಿ.

ದನಿಗಿಂತ ದೊಡ್ಡ ಚಿಂತೆ

ಬೈ-ವೈರಿಂಗ್ ತನ್ನಷ್ಟಕ್ಕೆ ನಿರಪಾಯ. ಅದರ ಅರ್ಧಂಬರ್ಧ ತಿಳಿವಳಿಕೆ ಹಾಗಲ್ಲ.

ಒಂದೇ ಸ್ಪೀಕರಿನ ವೂಫರ್‌ಗೆ ಒಂದು ಆಂಪ್ಲಿಫೈಯರ್, ಟ್ವೀಟರ್‌ಗೆ ಇನ್ನೊಂದು ಹಾಕುವ ಪದ್ಧತಿಗೆ ಬೈ-ಆಂಪಿಂಗ್ ಎನ್ನುತ್ತಾರೆ. ಫಾರ್ವರ್ಡ್‌ಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಹಾಗೆ ಮಾಡುವಾಗ ಹಿಂದಿನ ಲೋಹದ ಪಟ್ಟಿ ತೆಗೆಯುವುದನ್ನು ಮರೆತರೆ ಎರಡು ಆಂಪ್ಲಿಫೈಯರಿನ ಔಟ್‌ಪುಟ್ ನೇರವಾಗಿ ಒಂದಕ್ಕೊಂದು ಕೂಡುತ್ತವೆ. ಹೊಗೆ ಬರಲು ಹಾಡು ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಸಾಮಾನ್ಯ. ಬೇರೆ ಬೇರೆ ವೈರ್ ಎಂದ ಕೂಡಲೆ ಕೆಲವರು ಅದೇ ಟರ್ಮಿನಲ್ಲಿಗೆ ಇನ್ನೊಂದು ಜೊತೆ ಸ್ಪೀಕರನ್ನೇ ಕೂಡಿಸುತ್ತಾರೆ. ಒಂದು ಸ್ಪೀಕರಿನ ಎರಡು ಭಾಗಕ್ಕೆ ಎರಡು ವೈರ್ ಎಳೆದರೆ ಆಂಪ್ಲಿಫೈಯರ್ ಮೇಲೆ ಹೊರೆ ಹೆಚ್ಚುವುದಿಲ್ಲ. ಎರಡು ಸ್ಪೀಕರ್ ಕೂಡಿಸಿದರೆ ಹೆಚ್ಚುತ್ತದೆ. 8 ಓಮಿನ ಎರಡು ಸೇರಿ 4 ಓಮ್ ಆಗುತ್ತದೆ, ಮೂರು ಸೇರಿದರೆ 2.7. ಆಂಪ್ಲಿಫೈಯರ್ ಹಿಂದೆ ಕನಿಷ್ಠ 8 ಓಮ್ ಎಂದು ಬರೆದಿದ್ದರೆ ಅದು ಎರಡು ಪಟ್ಟು ಕರೆಂಟ್ ಕೊಡುತ್ತಾ ಕಾಯುತ್ತದೆ. ಮೇ ತಿಂಗಳಲ್ಲಿ, ಗಾಜಿನ ಬಾಗಿಲು ಮುಚ್ಚಿದ ಶೋಕೇಸಿನೊಳಗೆ ಇಟ್ಟ ಆಂಪ್ಲಿಫೈಯರ್‌ಗೆ ಅದು ಸಾಕೋ ಸಾಕು. ಮದುವೆ ಮನೆಯ ನಡುರಾತ್ರಿಯಲ್ಲಿ ಸೆಟ್ ಕೈಕೊಡುವುದರ ಹಿಂದೆ ಎಷ್ಟೋ ಸಲ ಈ ಲೆಕ್ಕವೇ ಇರುತ್ತದೆ.

ಗುಡಿ, ಮಸೀದಿ, ಜಾತ್ರೆಗಳಲ್ಲಿ ಹಾರ್ನ್‌ಗಳು ನೂರಾರು ಮೀಟರ್ ದೂರವಿರುತ್ತವಲ್ಲ, ಅಲ್ಲಿ ಹೇಗೆ ಎಂದು ನೀವು ಕೇಳಬಹುದು. ಮೈಕ್‌ಸೆಟ್ ಆಂಪ್ಲಿಫೈಯರ್‌ಗಳಲ್ಲಿ 70 ಅಥವಾ 100 ವೋಲ್ಟ್ ಎಂಬ ಬೇರೆ ಟರ್ಮಿನಲ್ ಇರುತ್ತದೆ. ವೋಲ್ಟೇಜ್ ಏರಿಸಿ ಕರೆಂಟ್ ಇಳಿಸಿದರೆ ಉದ್ದದ ವೈರಿನಲ್ಲಿ ನಷ್ಟ ಕಡಿಮೆ, ಹಾರ್ನ್ ಹತ್ತಿರದ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತೆ ಇಳಿಸುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ಹೊರಡುವ ವಿದ್ಯುತ್ತನ್ನು ಲಕ್ಷಗಟ್ಟಲೆ ವೋಲ್ಟಿಗೆ ಏರಿಸಿ ಕಳಿಸುವುದೂ ಇದೇ ಕಾರಣಕ್ಕೆ. ಆ 100 ವೋಲ್ಟ್ ಲೈನಿಗೆ ಮನೆಯ ಸ್ಪೀಕರ್ ಕೂಡಿಸಬಾರದು. ಆಂಪ್ಲಿಫೈಯರ್ ನಡೆಯುತ್ತಿರುವಾಗ ಬರಿಗೈಯಲ್ಲಿ ಅದರ ತುದಿ ಮುಟ್ಟಲೂಬಾರದು.

ಇನ್ನು ಸ್ಪೀಕರ್ ವೈರಿನ ತುದಿಗೆ ಮನೆಯ ಟೂ-ಪಿನ್ ಪ್ಲಗ್ ಹಾಕುವ ಅಭ್ಯಾಸ. ದಯವಿಟ್ಟು ಬಿಟ್ಟುಬಿಡಿ. ಮನೆಯಲ್ಲಿ ಮಗುವೊಂದು ಆ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಸ್ಪೀಕರಿನ ಟರ್ಮಿನಲ್ಲುಗಳಿಗೆ 230 ವೋಲ್ಟ್ ಬರುತ್ತದೆ. ಹಾಗೆಯೇ ತೆಳ್ಳಗಿನ ಸ್ಪೀಕರ್ ವೈರನ್ನು ಕೂಲರ್‌ಗೋ ಮಿಕ್ಸರ್‌ಗೋ ಎಕ್ಸ್‌ಟೆನ್ಷನ್ ಮಾಡಿ ಬಳಸಬೇಡಿ. ಅದು ಅಷ್ಟು ಕರೆಂಟಿಗೆ ಮಾಡಿದ್ದಲ್ಲ.

ಎರಡು ಕೇಬಲ್ ಈಗಾಗಲೇ ತಂದಿದ್ದರೆ?

ಬಿಸಾಡಬೇಡಿ. ಆಂಪ್ಲಿಫೈಯರ್ ಆಫ್ ಮಾಡಿ, ಪಟ್ಟಿಗಳನ್ನು ವಾಪಸ್ ಹಾಕಿ, ಎರಡೂ ಕೇಬಲ್ಲಿನ ಕೆಂಪು ಎಳೆಗಳನ್ನು ಸೇರಿಸಿ ಕೆಂಪಿಗೆ, ಕಪ್ಪನ್ನು ಸೇರಿಸಿ ಕಪ್ಪಿಗೆ ಕಟ್ಟಿ. ಒಂದು ಎಳೆಯೂ ಪಕ್ಕದ ಟರ್ಮಿನಲ್ಲಿಗೆ ತಾಗದಂತೆ ನೋಡಿಕೊಳ್ಳಿ. ದುಪ್ಪಟ್ಟು ದಪ್ಪದ ಒಂದು ವೈರ್ ಸಿಕ್ಕಿತು.

ಉಳಿದ ದುಡ್ಡಿನ ಬದಲು ಕೋಣೆಯ ಕಡೆ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಪರಸಿ ಇಲ್ಲವೆ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ದನಿ ಚೆಂಡಿನ ಹಾಗೆ ಪುಟಿಯುತ್ತದೆ. ಚಪ್ಪಾಳೆ ತಟ್ಟಿ ನೋಡಿ, ಝಣ್ಣೆಂದು ಮಾರ್ದನಿ ಬಂದರೆ ಹಾಡು ಕಲಸುತ್ತಿರುವುದು ಅಲ್ಲಿಯೇ. ನೆಲಕ್ಕೊಂದು ಜಮಖಾನ ಹಾಸಿ, ಸ್ಪೀಕರಿನ ಎದುರು ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿಯೊಂದನ್ನು ಇಳಿಬಿಡಿ. ಸ್ಪೀಕರನ್ನು ಮೂಲೆಯಿಂದ ಎರಡು ಅಡಿ ಈಚೆ ಎಳೆದು, ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರುವ ಹಾಗೆ ಇಡಿ. ಆಮೇಲೆ ಅದೇ ಹಾಡನ್ನು ಅದೇ ವಾಲ್ಯೂಮಿನಲ್ಲಿ ಹಾಕಿ ಕೇಳಿ.